ಫೋಟೊಗೂ ಒಂದು ವಿಳಾಸ ಇರಲಿ

ಕೃಷ್ಣೆಗೆ ಹೊಳೆ ಬಂದ ದಿನ ನಮ್ಮ ಜಿಲ್ಲೆಯ ವಾಟ್ಸ್ಆ್ಯಪ್ ಗ್ರೂಪುಗಳಿಗೂ ಹೊಳೆ ಬರುತ್ತದೆ. ನಾರಾಯಣಪುರದ ಬಸವಸಾಗರದ ಗೇಟು ಎತ್ತಿದರು ಎನ್ನುವ ಸುದ್ದಿಯ ಬೆನ್ನಿಗೇ ಮುಳುಗಿದ ಸೇತುವೆಯ ಫೋಟೊ ಓಡಾಡತೊಡಗುತ್ತದೆ. ಯಾವ ಸೇತುವೆ? ತಿಂಥಣಿಯದೋ, ಶಹಾಪುರ ಮತ್ತು ದೇವದುರ್ಗದ ನಡುವಿನ ಹೂವಿನಹೆಡಗಿಯದೋ? ಇವತ್ತಿನದೋ, ಹೊರಹರಿವು ಐದು ಲಕ್ಷ ಕ್ಯುಸೆಕ್ ದಾಟಿದ್ದ 2019ರ ಆಗಸ್ಟ್‌ನದೋ? ಫೋಟೊ ತೆಗೆದವನಿಗೆ ಎಲ್ಲವೂ ಗೊತ್ತಿರುತ್ತದೆ, ಫೋಟೊ ಮಾತ್ರ ಏನೂ ಹೇಳುವುದಿಲ್ಲ. ಮೂರನೇ ಗ್ರೂಪು ದಾಟುವ ಹೊತ್ತಿಗೆ ಅದು ಯಾರದೂ ಅಲ್ಲದ, ಯಾವ ಊರಿನದೂ ಅಲ್ಲದ, ಯಾವ ದಿನದ್ದೂ ಅಲ್ಲದ ಚಿತ್ರವಾಗಿರುತ್ತದೆ. ಅದನ್ನು ನೋಡಿ ಹಾಲಿನ ಕ್ಯಾನು ಹೊತ್ತವರು ಇಪ್ಪತ್ತು ಕಿಲೊಮೀಟರ್ ಸುತ್ತು ಹಾಕಿ ಹೋಗಬಹುದು. ಇಲ್ಲವೆ ‘ಹಳೆ ಫೋಟೊ ಬಿಡ್ರಿ’ ಎಂದು ನಿಜವಾಗಿಯೂ ಮುಳುಗಿದ ಸೇತುವೆಯ ಮೇಲೆ ಬೈಕ್ ಇಳಿಸಬಹುದು.

ಈ ಬಾರಿ ನಾವು ಹೇಳಹೊರಟಿರುವುದು ಬಹಳ ಸಣ್ಣ ಸಂಗತಿ. ತಾಲ್ಲೂಕು, ಹೋಬಳಿ ಮಟ್ಟದಲ್ಲಿ ಸುದ್ದಿ ಮಾಡುವ ನಮ್ಮಂಥ ಪ್ರತಿಯೊಬ್ಬರೂ ಬರಹದ ನಡುವೆ ಚಿತ್ರ ಕೂರಿಸುವ ಎಚ್‌ಟಿಎಂಎಲ್‌ನ ನಾಲ್ಕೈದು ಪದಗಳನ್ನು ಕಲಿಯಬೇಕು. ಇದರಿಂದ ಯಾರೂ ಸಾಫ್ಟ್‌ವೇರ್ ಎಂಜಿನಿಯರ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಚಿತ್ರಕ್ಕೆ ಊರು, ದಿನ, ತೆಗೆದವರ ಹೆಸರು, ಕಾಣದವರಿಗೂ ತಿಳಿಯುವ ವಿವರ ಇವೆಲ್ಲ ಅಂಟಿಕೊಂಡೇ ಹೋಗಬೇಕು ಎಂಬುದು ವರದಿಗಾರಿಕೆಯ ಹಳೆಯ ನಿಯಮ. ಪತ್ರಿಕೆಯ ಪುಟದಲ್ಲಿ ಆ ಕೆಲಸವನ್ನು ಡೆಸ್ಕ್ ಮಾಡುತ್ತಿತ್ತು. ಈಗ ಪುಟ ಕಟ್ಟುವವರೂ ನಾವೇ ಆಗಿರುವಾಗ ಆ ಹೊಣೆ ನಮ್ಮ ಮೇಲೇ ಬಂದಿದೆ.

ಮೊದಲು ಇದರ ಹಿನ್ನೆಲೆ ಸ್ವಲ್ಪ ನೋಡೋಣ. ಟಿಮ್ ಬರ್ನರ್ಸ್‌-ಲೀ ಅವರು ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದಾಗ ರೂಪಿಸಿದ ವೆಬ್‌ನಲ್ಲಿ ಶುರುವಿಗೆ ಇದ್ದದ್ದು ಬರಹ ಮತ್ತು ಕೊಂಡಿಗಳು ಮಾತ್ರ. 1991ರಲ್ಲಿ ಅವರು ಬರೆದಿಟ್ಟ ಎಚ್‌ಟಿಎಂಎಲ್ ಟ್ಯಾಗುಗಳ ಪಟ್ಟಿಯಲ್ಲಿ ಚಿತ್ರಕ್ಕೆ ಜಾಗವೇ ಇರಲಿಲ್ಲ. 1993ರ ಫೆಬ್ರುವರಿ 25ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೊಸಾಯಿಕ್ ಬ್ರೌಸರ್ ಕಟ್ಟುತ್ತಿದ್ದ ಮಾರ್ಕ್ ಆಂಡ್ರೀಸನ್ ಎಂಬ ಯುವಕ ‘ಐಎಂಜಿ’ ಎನ್ನುವ ಹೊಸ ಟ್ಯಾಗ್ ಇರಲಿ ಎಂದು ಪ್ರಸ್ತಾಪಿಸಿದ. ಬೇರೆಯವರು ಬೇರೆ ದಾರಿಗಳನ್ನು ಸೂಚಿಸಿದರು, ಚರ್ಚೆ ನಡೆಯಿತು. ಆದರೆ ಮೊಸಾಯಿಕ್ ಅದನ್ನೇ ಅಳವಡಿಸಿಕೊಂಡು ಹೊರಬಂತು, ಜನ ಬಳಸತೊಡಗಿದರು, ಅದೇ ನಿಂತಿತು. ಇವತ್ತು ಯಾವುದೇ ಸುದ್ದಿ ತಾಣದಲ್ಲಿ ಬರಹದ ನಡುವೆ ಫೋಟೊ ಕಂಡರೆ ಬಹುಮಟ್ಟಿಗೆ ಅದರ ಹಿಂದೆ ಇರುವುದು ಅದೇ ಮೂರಕ್ಷರದ ಪದ.

ಕನ್ನಡದ ಮಟ್ಟಿಗೆ ಚಿತ್ರದ ಈ ಟ್ಯಾಗ್ ಇನ್ನೊಂದು ವಿಚಿತ್ರ ಕೆಲಸವನ್ನೂ ಮಾಡಿದೆ. 1990ರ ದಶಕದ ಕೊನೆಯಲ್ಲಿ ಕಂಪ್ಯೂಟರುಗಳಿಗೆ ಕನ್ನಡ ಗೊತ್ತಿರಲಿಲ್ಲ. 1998ರಲ್ಲಿ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಆದರೆ ಓದುವವರ ಯಂತ್ರದಲ್ಲಿ ಅದೇ ಅಕ್ಷರಶೈಲಿ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತಿತ್ತು. ಅದಕ್ಕೆ ಹಲವರು ಕಂಡುಕೊಂಡ ಉಪಾಯ ಬರಹವನ್ನೇ ಚಿತ್ರವಾಗಿ ಮಾಡಿ ಹಾಕುವುದು. ಶೀರ್ಷಿಕೆ ಒಂದು ಚಿತ್ರ, ಕವಿತೆ ಒಂದು ಚಿತ್ರ, ಆಮಂತ್ರಣ ಪತ್ರಿಕೆ ಒಂದು ಚಿತ್ರ. ಕಣ್ಣಿಗೆ ಕನ್ನಡ ಕಾಣುತ್ತಿತ್ತು, ಯಂತ್ರಕ್ಕೆ ಮಾತ್ರ ಅಲ್ಲಿ ಯಾವ ಅಕ್ಷರವೂ ಇರಲಿಲ್ಲ. ಮುಂದೆ ಯೂನಿಕೋಡ್ ಬೇರೂರಿತು, ವಿಂಡೋಸ್ ಎಕ್ಸ್‌ಪಿ ತುಂಗಾ ಅಕ್ಷರಶೈಲಿಯನ್ನು ಜೊತೆಗೇ ತಂದಿತು. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದ ಕನ್ನಡವೂ ಸರಿಹೋಯಿತು. ಬರಹವನ್ನು ಚಿತ್ರ ಮಾಡಿ ಹಾಕಬೇಕಾದ ಅನಿವಾರ್ಯ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಇವತ್ತು ನಮ್ಮ ಕಡೆ ಸುದ್ದಿ ಮತ್ತೆ ಚಿತ್ರವಾಗುತ್ತಿದೆ. ಗ್ರಾಮಸಭೆಯ ತಿಳಿವಳಿಕೆ ಪತ್ರವನ್ನು ಗೋಡೆಗೆ ಅಂಟಿಸಿ ಅದರ ಫೋಟೊ ತೆಗೆದು ಕಳಿಸುತ್ತಾರೆ. ಎಡದಂಡೆ ಕಾಲುವೆಗೆ ನೀರು ಬಿಡುವ ದಿನಾಂಕಗಳ ಪಟ್ಟಿ ಚಿತ್ರವಾಗಿ ಬರುತ್ತದೆ. ಬೆಳೆ ಪರಿಹಾರದ ಪಟ್ಟಿ ಚಿತ್ರ, ಪ್ರವೇಶ ಪ್ರಕಟಣೆ ಚಿತ್ರ. ನಮ್ಮವರೇ ಬರೆದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಅದರ ಕತ್ತರಿಕೆಯೂ ಚಿತ್ರ. ಹುಡುಕಿದರೆ ಇವು ಸಿಗುವುದಿಲ್ಲ. ದೊಡ್ಡದು ಮಾಡಿ ನೋಡಿದರೆ ಅಕ್ಷರ ಒಡೆಯುತ್ತದೆ. ಕಣ್ಣು ಕಾಣದವರ ಫೋನು ‘ಚಿತ್ರ’ ಎಂದು ಒಂದೇ ಮಾತು ಹೇಳಿ ಸುಮ್ಮನಾಗುತ್ತದೆ. ತಂತ್ರಜ್ಞಾನ ಬಗೆಹರಿಸಿ ಕೊಟ್ಟ ಸಮಸ್ಯೆಯನ್ನು ಅಭ್ಯಾಸಬಲದಿಂದ ನಾವೇ ಮತ್ತೆ ಮನೆಗೆ ಕರೆತಂದಿದ್ದೇವೆ.

ಹಾಗಾದರೆ ಮಾಡಬೇಕಾದದ್ದು ಏನು? ಐಎಂಜಿ ಟ್ಯಾಗಿನ ಕಟ್ಟುವಿಕೆ ಹೀಗಿದೆ. ಗಣಿತದಲ್ಲಿ ‘ಕಡಿಮೆ’ ಎಂದು ತೋರಿಸಲು ಬಳಸುವ ಚೂಪು ಚಿಹ್ನೆಯಿಂದ ಶುರು, ‘ಹೆಚ್ಚು’ ಎಂದು ತೋರಿಸುವ ಚಿಹ್ನೆಯಿಂದ ಮುಕ್ತಾಯ. ಒಳಗೆ ಮೊದಲು ಐಎಂಜಿ ಎಂಬ ಹೆಸರು. ಆಮೇಲೆ ಎಸ್‌ಆರ್‌ಸಿ, ಅಂದರೆ ಚಿತ್ರ ಎಲ್ಲಿದೆ ಎಂಬ ವಿಳಾಸ. ಆಮೇಲೆ ಆಲ್ಟ್, ಅಂದರೆ ಚಿತ್ರ ಕಾಣದಿದ್ದಾಗ ಅದರ ಬದಲಿಗೆ ನಿಲ್ಲುವ ಮಾತು. ಕೊನೆಗೆ ವಿಡ್ತ್ ಮತ್ತು ಹೈಟ್, ಅಂದರೆ ಅಗಲ ಮತ್ತು ಎತ್ತರ. ಪ್ರತಿಯೊಂದರ ಮುಂದೆ ಸಮ ಚಿಹ್ನೆ ಹಾಕಿ, ಬೆಲೆಯನ್ನು ನೇರ ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಮುಚ್ಚುವ ಟ್ಯಾಗ್ ಇದಕ್ಕೆ ಬೇಕಿಲ್ಲ. ಇಡೀ ಪಾಠ ಇಷ್ಟೇ. ಇದಕ್ಕೆ ಜೊತೆಯಾಗಿ ಎಚ್‌ಟಿಎಂಎಲ್‌ನ ಐದನೇ ಆವೃತ್ತಿಯಲ್ಲಿ ಫಿಗರ್ ಮತ್ತು ಫಿಗ್‌ಕ್ಯಾಪ್ಶನ್ ಎಂಬ ಎರಡು ಟ್ಯಾಗುಗಳು ಬಂದಿವೆ. ಫಿಗರ್ ಚಿತ್ರವನ್ನೂ ಅಡಿಬರಹವನ್ನೂ ಒಂದೇ ಚೌಕಟ್ಟಿನಲ್ಲಿ ಕಟ್ಟಿಡುತ್ತದೆ, ಫಿಗ್‌ಕ್ಯಾಪ್ಶನ್ ಅಡಿಬರಹವನ್ನು ಹಿಡಿದುಕೊಳ್ಳುತ್ತದೆ. ಪುಟದ ವಿನ್ಯಾಸ ಬದಲಾದರೂ ಇವೆರಡು ಬೇರೆಯಾಗುವುದಿಲ್ಲ.

ಕೈ ಎಡವುವ ಜಾಗಗಳು ಕೆಲವಿವೆ, ಅವನ್ನೂ ಹೇಳಿಬಿಡುತ್ತೇವೆ. ಫೋನಿನ ಕೀಲಿಮಣೆ ತಾನಾಗಿ ಬಾಗಿದ ಉದ್ಧರಣ ಚಿಹ್ನೆ ಹಾಕಿಬಿಡುತ್ತದೆ, ಅದರಿಂದ ಟ್ಯಾಗ್ ಕೆಡುತ್ತದೆ. ನೇರ ಚಿಹ್ನೆಯೇ ಬೇಕು. ಕಡತದ ಹೆಸರಿನಲ್ಲಿ ಖಾಲಿ ಜಾಗ ಬಿಡಬಾರದು, ಪದಗಳ ನಡುವೆ ಅಡ್ಡಗೆರೆ ಹಾಕಬೇಕು. ಜೆಪಿಜಿ ಎಂಬುದನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದರೆ ಒಂದು ಕಡತ, ಸಣ್ಣಕ್ಷರದಲ್ಲಿ ಬರೆದರೆ ಇನ್ನೊಂದು ಕಡತ ಎಂದೇ ಬಹಳಷ್ಟು ಸರ್ವರುಗಳು ತಿಳಿಯುತ್ತವೆ. ಮನೆಯ ಕಂಪ್ಯೂಟರಿನಲ್ಲಿ ಕಂಡ ಚಿತ್ರ ಸರ್ವರಿಗೆ ಹೋದ ಮೇಲೆ ಕಾಣೆಯಾಗಲು ಇದು ಸಾಮಾನ್ಯ ಕಾರಣ. ಇನ್ನೊಂದು ತಪ್ಪುಗ್ರಹಿಕೆ ಅಳತೆಯದು. ವಿಡ್ತ್ 600 ಎಂದು ಬರೆದ ಮಾತ್ರಕ್ಕೆ ಕಡತ ಹಗುರಾಗುವುದಿಲ್ಲ. ನಾಲ್ಕು ಎಂಬಿಯ ಫೋಟೊ ನಾಲ್ಕು ಎಂಬಿಯಾಗಿಯೇ ಇಳಿಯುತ್ತದೆ, ತೋರುವುದು ಮಾತ್ರ ಚಿಕ್ಕದಾಗಿ. ಆದ್ದರಿಂದ ಹಾಕುವ ಮೊದಲೇ ಫೋಟೊವನ್ನು ಸಾವಿರದ ಇನ್ನೂರು ಪಿಕ್ಸೆಲ್ ಅಗಲಕ್ಕೆ ಇಳಿಸಿಕೊಳ್ಳಬೇಕು. ಆಗ ಅದು ಕೆಲವು ನೂರು ಕೆಬಿಗೆ ಬರುತ್ತದೆ. ಸಿಗ್ನಲ್‌ಗಾಗಿ ಮಾಳಿಗೆ ಹತ್ತುವ ಊರುಗಳು ನಮ್ಮ ಭಾಗದಲ್ಲಿ ಇನ್ನೂ ಇವೆ. ಅಲ್ಲಿಯ ಓದುಗರಿಗೆ ಈ ವ್ಯತ್ಯಾಸ ದೊಡ್ಡದು. ಅಗಲ ಮತ್ತು ಎತ್ತರ ಎರಡನ್ನೂ ಬರೆದಿಟ್ಟರೆ ಚಿತ್ರ ಇಳಿಯುವ ಮುಂಚೆಯೇ ಬ್ರೌಸರ್ ಅದಕ್ಕೆ ಜಾಗ ಬಿಟ್ಟಿರುತ್ತದೆ, ಓದುತ್ತಿದ್ದ ಸಾಲು ಕಣ್ಣೆದುರೇ ಕೆಳಗೆ ಜಿಗಿಯುವುದಿಲ್ಲ.

ಈಗ ನಮ್ಮ ವಾದದ ತಿರುಳಿಗೆ ಬರೋಣ. ಈ ನಾಲ್ಕು ಪದಗಳಲ್ಲಿ ವರದಿಗಾರನಿಗೆ ಅತಿ ಮುಖ್ಯವಾದದ್ದು ಆಲ್ಟ್. ಅತಿ ಹೆಚ್ಚು ಖಾಲಿ ಬಿಡುವುದೂ ಅದನ್ನೇ. 1997ರ ಡಿಸೆಂಬರಿನಲ್ಲಿ ಬಂದ ಎಚ್‌ಟಿಎಂಎಲ್‌ನ ನಾಲ್ಕನೇ ಆವೃತ್ತಿ ಇದನ್ನು ಕಡ್ಡಾಯ ಮಾಡಿತು. 1999ರಲ್ಲಿ ಬಂದ ವೆಬ್ ಸುಗಮತೆಯ ಮಾರ್ಗಸೂಚಿಯ ಮೊಟ್ಟಮೊದಲ ನಿಯಮವೂ ಇದೇ ಆಗಿತ್ತು: ಬರಹವಲ್ಲದ ಪ್ರತಿಯೊಂದಕ್ಕೂ ಬರಹದ ರೂಪ ಇರಬೇಕು. ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಮು ಎಲ್ಲ ಬಗೆಯ ಮಾಧ್ಯಮಗಳ ಸಾಮಗ್ರಿ ಅಂಗವಿಕಲರಿಗೂ ಸುಲಭವಾಗಿ ಸಿಗುವ ರೂಪದಲ್ಲಿ ಇರುವಂತೆ ಕ್ರಮ ಕೈಗೊಳ್ಳಲು ಸರ್ಕಾರಕ್ಕೆ ಹೇಳುತ್ತದೆ. ಎನ್‌ವಿಡಿಎ ಎಂಬ ಉಚಿತ ಪರದೆ ಓದುವ ತಂತ್ರಾಂಶ ಇದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಶುರುಮಾಡಿದ್ದು. ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇರುತ್ತದೆ. ಓದುವ ಯಂತ್ರ ಸಿದ್ಧವಾಗಿದೆ, ಓದಲು ನಾವು ಏನಾದರೂ ಬರೆದಿರಬೇಕಷ್ಟೆ.

ಆಲ್ಟ್‌ನಲ್ಲಿ ಏನು ಬರೆಯಬೇಕು? ‘ಫೋಟೊ’, ‘ಚಿತ್ರ 1’, ‘ಸುದ್ದಿ ಚಿತ್ರ’ ಎಂದು ಬರೆಯುವುದು ಬರೆಯದಿದ್ದಂತೆಯೇ. ಹೊಳೆಯ ಫೋಟೊ ಇದ್ದರೆ ‘ಸೇತುವೆಯ ಕೈಪಿಡಿಯ ಮೇಲೆ ನೀರು ಹರಿಯುತ್ತಿದೆ, ದಡದಲ್ಲಿ ಪೊಲೀಸ್ ಅಡ್ಡಗಟ್ಟೆ, ಆಚೆ ನಿಂತ ಎರಡು ಟಂಟಂ’ ಎಂದು ಬರೆಯಬೇಕು. ಅಂದರೆ ಕಣ್ಣಿಗೆ ಕಾಣುವುದು. ಅಡಿಬರಹದಲ್ಲಿ ಕಾಣದ್ದನ್ನು ಬರೆಯಬೇಕು: ಯಾವ ಸೇತುವೆ, ಯಾವ ತಾಲ್ಲೂಕು, ಯಾವ ದಿನ, ಎಷ್ಟು ಹೊತ್ತಿಗೆ, ತೆಗೆದವರು ಯಾರು. ಇವೆರಡನ್ನೂ ಬೇರೆ ಬೇರೆಯಾಗಿ ಬರೆದು ನೋಡಿ. ಎಷ್ಟೋ ಸಲ ಆಲ್ಟ್ ಬರೆಯಲು ಕೂತಾಗಲೇ ಫೋಟೊದಲ್ಲಿ ಏನೂ ಇಲ್ಲ ಎಂಬುದು ಗೊತ್ತಾಗುತ್ತದೆ. ಸಾಲಾಗಿ ನಿಂತ ಹನ್ನೆರಡು ಮಂದಿ, ಕೈಯಲ್ಲಿ ಒಂದು ಮನವಿ ಪತ್ರ, ನಡುವೆ ಒಬ್ಬ ಅಧಿಕಾರಿ. ಇದನ್ನು ಮಾತಿನಲ್ಲಿ ಬರೆಯಲು ಹೊರಟರೆ ಒಂದೇ ಸಾಲಿಗೆ ಮುಗಿಯುತ್ತದೆ, ಪ್ರತಿ ಸಲವೂ ಅದೇ ಸಾಲು. ಮನವಿ ಯಾವ ರಸ್ತೆಯ ಬಗ್ಗೆಯೋ ಆ ರಸ್ತೆಯ ಗುಂಡಿಯನ್ನೇ ಫೋಟೊ ತೆಗೆಯಬೇಕಿತ್ತು ಎಂಬುದು ಆಗ ಹೊಳೆಯುತ್ತದೆ. ಆ ಖಾಲಿ ಜಾಗ ನಮ್ಮ ಕಣ್ಣನ್ನೂ ತಿದ್ದುತ್ತದೆ.

ಅಡಿಬರಹದಲ್ಲಿ ತಾಲ್ಲೂಕು, ಜಿಲ್ಲೆ ಏಕೆ ಬೇಕು ಎನ್ನುವವರಿಗೆ ದೇವಾಪುರವನ್ನೇ ತೋರಿಸುತ್ತೇವೆ. ಸುರಪುರ ತಾಲ್ಲೂಕಿನಲ್ಲಿ ಒಂದು ದೇವಾಪುರ ಇದೆ, ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಇನ್ನೊಂದು. ನಮ್ಮ ದೇವಾಪುರದ ಯಾರಿಗೂ ‘ದೇವಾಪುರ’ ಎಂದರೆ ಸಾಕು. ನಾಲ್ಕು ವರ್ಷದ ನಂತರ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ತಮ್ಮೂರಿನ ಶಾಲೆಯ ಫೋಟೊ ಹುಡುಕುವ ಹುಡುಗಿಗೆ ಸಾಲದು. ನಮ್ಮ ಕಡೆಯಿಂದ ದುಡಿಯಲು ಗುಳೆ ಹೋದ ಕುಟುಂಬಗಳು ಎಷ್ಟಿಲ್ಲ? ಅವರು ಊರನ್ನು ನೋಡುವುದು ಫೋನಿನಲ್ಲಿಯೇ. ಜಾತ್ರೆಯ ತೇರು, ಹತ್ತಿ ಬಿಡಿಸುವ ಹೊಲ, ಹೊಸದಾಗಿ ಕಟ್ಟಿದ ಅಂಗನವಾಡಿ ಎಲ್ಲವೂ ಅವರಿಗೆ ಸುದ್ದಿ. ಹುಡುಕು ಯಂತ್ರ ಚಿತ್ರವನ್ನು ಗುರುತಿಸಲು ನೆಚ್ಚುವುದು ಹೆಚ್ಚಾಗಿ ಅದರ ಸುತ್ತಲಿನ ಪದಗಳನ್ನು: ಕಡತದ ಹೆಸರು, ಆಲ್ಟ್, ಅಡಿಬರಹ. ಫೋನು ಕೊಟ್ಟ ಅಂಕಿಗಳ ಹೆಸರನ್ನೇ ಬಿಟ್ಟು, ಆಲ್ಟ್ ಖಾಲಿ ಇಟ್ಟು, ಅಡಿಬರಹ ಹಾಕದೆ ಹೋದರೆ ಆ ದೇವಾಪುರ ಇಂಟರ್ನೆಟ್ಟಿನಲ್ಲಿ ಇದ್ದೂ ಇಲ್ಲದಂತೆ.

ಹೆಸರಿನ ತೊಡಕು ನಮ್ಮ ಜಿಲ್ಲೆಗೆ ಇನ್ನೂ ಒಂದು ಪಟ್ಟು ಹೆಚ್ಚು. 19ನೇ ಶತಮಾನದಲ್ಲಿ ಇಲ್ಲಿದ್ದ ಮೆಡೋಸ್ ಟೇಲರ್ ಬರೆದದ್ದು ‘ಶೋರಾಪುರ’ ಎಂದು. ಸರ್ಕಾರಿ ಕಾಗದಗಳಲ್ಲಿ ಅದು ಬಹಳ ಕಾಲ ಹಾಗೆಯೇ ಉಳಿಯಿತು. ನಾವು ಸುರಪುರ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಇನ್ನೊಂದು ತರಹ ಬರೆಯುತ್ತೇವೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವ ಮುಂಚಿನ ಫೋಟೊಗಳ ಮೇಲೆ ಗುಲ್ಬರ್ಗಾ ಜಿಲ್ಲೆ ಎಂದಿರುತ್ತದೆ, ಆ ಗುಲ್ಬರ್ಗಾ 2014ರ ನವೆಂಬರ್ 1ರಿಂದ ಕಲಬುರಗಿ. ಸುರಪುರದ ಭಾಗವಾಗಿದ್ದ ಹುಣಸಗಿ ಈಗ ಬೇರೆ ತಾಲ್ಲೂಕು. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಆದಿಮಾನವರು ಕಲ್ಲಿನ ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಅಗೆದು ತೋರಿಸಿತು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದು ಎಂದು ಅಂದಾಜಿಸಲಾಗಿದೆ. ಬೂದಿಹಾಳದ ಬೂದಿದಿಬ್ಬ ಇದೆ, ಶಹಾಪುರ ತಾಲ್ಲೂಕಿನ ವಿಭೂತಿಹಳ್ಳಿಯಲ್ಲಿ ಸಾಲಾಗಿ ಜೋಡಿಸಿದ ಬೃಹತ್ ಶಿಲೆಗಳಿವೆ. ಜಗತ್ತಿನ ವಿದ್ವಾಂಸರು ಇಂಗ್ಲಿಷಿನಲ್ಲಿ ಬರೆದ ಈ ಜಾಗಗಳ ಫೋಟೊ ತೆಗೆದು, ಕನ್ನಡದಲ್ಲಿ ನಾಲ್ಕು ಮಾತು ಬರೆದು, ಹೊಸ ಹಳೆಯ ಎರಡೂ ಹೆಸರುಗಳನ್ನು ಅಡಿಬರಹದಲ್ಲಿ ಕೊಡುವುದು ಒಂದು ಮಧ್ಯಾಹ್ನದ ಕೆಲಸ. ಅದೇ ಊರಿನ ಹೈಸ್ಕೂಲಿನ ಮಕ್ಕಳಿಗೆ ತಮ್ಮ ಹೊಲದಂಚಿನ ಕಲ್ಲಿನ ಕಥೆ ಕನ್ನಡದಲ್ಲಿಯೇ ಸಿಗಲು ಅಷ್ಟು ಸಾಕು.

ಸುರಪುರದ ಕಿರುಚಿತ್ರಗಳದ್ದೂ ಇದೇ ಮಾತು. ನಾಯಕ ಅರಸರ ಆಶ್ರಯದಲ್ಲಿ ಬೆಳೆದ, ಚಿನ್ನದ ಲೇಪಕ್ಕೆ ಹೆಸರಾದ ಈ ಶೈಲಿಯ ಒಂದು ಚಿತ್ರವನ್ನು ಪುಟದಲ್ಲಿ ಹಾಕಿ ‘ಸುಂದರ ಕಲಾಕೃತಿ’ ಎಂದು ಬರೆದರೆ ಕಂಡವರಿಗೂ ಏನೂ ಸಿಗದು, ಕಾಣದವರಿಗಂತೂ ಏನೂ ಇಲ್ಲ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಬಟ್ಟೆಯ ಬಣ್ಣವೇನು, ಚಿನ್ನ ಎಲ್ಲೆಲ್ಲಿ ಹಾಕಿದ್ದಾರೆ ಎಂದು ಬರೆದರೆ ಆ ಚಿತ್ರ ಇಬ್ಬರಿಗೂ ತೆರೆದುಕೊಳ್ಳುತ್ತದೆ.

ಇದೆಲ್ಲದರ ನಡುವೆ ಎಚ್ಚರ ತಪ್ಪಬಾರದ ಒಂದು ವಿಷಯ ಇದೆ. ಪದಗಳು ಚಿತ್ರವನ್ನು ಗುರುತಿಸುವಂತೆ ಮಾಡುತ್ತವೆ ಎಂದೆವು. ಗುರುತಿಸಬಾರದ ಚಿತ್ರಗಳೂ ಇರುತ್ತವೆ. 2012ರ ಪೋಕ್ಸೊ ಕಾಯ್ದೆಯ 23ನೇ ಕಲಮಿನ ಪ್ರಕಾರ ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬ, ಶಾಲೆ, ನೆರೆಹೊರೆ ಹೀಗೆ ಗುರುತು ಬಿಟ್ಟುಕೊಡುವ ಯಾವುದನ್ನೂ ಮಾಧ್ಯಮ ಪ್ರಕಟಿಸುವಂತಿಲ್ಲ. ಮುಖ ಮಸುಕು ಮಾಡಿ ಹಾಕಿದ ಚಿತ್ರದ ಕಡತದ ಹೆಸರಿನಲ್ಲಿಯೇ ಊರು, ಮನೆತನದ ಹೆಸರು ಉಳಿದುಬಿಟ್ಟರೆ? ಪುಟದ ಮೇಲೆ ಅದು ಕಾಣದು. ಆದರೆ ಚಿತ್ರವನ್ನು ಇಳಿಸಿಕೊಂಡ ಯಾರಿಗಾದರೂ ಕಾಣುತ್ತದೆ. ಟ್ಯಾಗಿನ ಒಳಗೆ ಏನಿರುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಈ ಅಪಾಯ ಕಣ್ಣಿಗೆ ಬೀಳುತ್ತದೆ. ಫೋಟೊದ ಒಳಗೆ ಫೋನು ಸೇರಿಸುವ ಜಾಗದ ಅಕ್ಷಾಂಶ, ರೇಖಾಂಶವೂ ಹೀಗೆಯೇ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿಯೇ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ, ಮೂಲ ಕಡತವನ್ನೇ ಹಾಕಿದಾಗ ಅದೂ ಜೊತೆಗೆ ಹೋಗುವ ಸಾಧ್ಯತೆ ಇದೆ. ಮರಳು ದಂಧೆಯ ಬಗ್ಗೆ ಮಾಹಿತಿ ಕೊಟ್ಟವರ ಅಂಗಳದಲ್ಲಿ ನಿಂತು ತೆಗೆದ ಫೋಟೊ ಅವರ ಮನೆಯ ದಾರಿ ತೋರಿಸಬಾರದು. ಅಂಥ ಫೋಟೊ ಹಾಕುವ ಮೊದಲು ಸ್ಥಳದ ಮಾಹಿತಿ ತೆಗೆಯಬೇಕು, ಕಡತಕ್ಕೆ ಏನೂ ಹೇಳದ ಹೆಸರಿಡಬೇಕು.

ಮತ್ತೊಂದು, ಇನ್ನೊಬ್ಬರ ಚಿತ್ರದ ವಿಳಾಸವನ್ನೇ ತಂದು ನಮ್ಮ ಎಸ್‌ಆರ್‌ಸಿಯಲ್ಲಿ ಅಂಟಿಸುವ ಚಾಳಿ. ಮಾಡುವುದು ಬಲು ಸುಲಭ. ಚಿತ್ರ ಅವರ ಸರ್ವರಿನಿಂದ ಇಳಿಯುತ್ತದೆ, ಖರ್ಚು ಅವರದು, ತೋರಿಕೆ ನಮ್ಮದು. ಅವರು ಅದನ್ನು ತೆಗೆದ ದಿನ ನಮ್ಮ ಸುದ್ದಿಯಲ್ಲಿ ಒಡೆದ ಚೌಕ ಉಳಿಯುತ್ತದೆ. ಅವರು ಅದೇ ವಿಳಾಸದಲ್ಲಿ ಬೇರೆ ಚಿತ್ರ ಇಟ್ಟರೆ ನಮ್ಮ ಸುದ್ದಿಯಲ್ಲೂ ಬೇರೆಯದೇ ಕಾಣುತ್ತದೆ. ಅದಕ್ಕೂ ಮಿಗಿಲಾಗಿ ಇದು ಹಕ್ಕಿನ ಪ್ರಶ್ನೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೊದ ಕರ್ತೃ ಎಂದರೆ ಅದನ್ನು ತೆಗೆದವರು. ಪ್ರಕಟಿಸುವ ಹಕ್ಕು ಯಾರಿಗೆ ಸೇರುತ್ತದೆ ಎಂಬುದು ಒಪ್ಪಂದದ ಮೇಲೆ ಬದಲಾಗಬಹುದು, ತೆಗೆದವರು ಯಾರು ಎಂಬುದು ಬದಲಾಗುವುದಿಲ್ಲ. ನಮ್ಮ ಫೋಟೊ ಹೆಸರಿಲ್ಲದೆ ದೊಡ್ಡ ಚಾನೆಲ್ಲಿನಲ್ಲಿ ಬಂದಾಗ ಚಹಾದಂಗಡಿಯಲ್ಲಿ ಕೂತು ಬೈಯುವ ನಾವು, ಊರಿನ ಸ್ಟುಡಿಯೊ ಹುಡುಗ ತೆಗೆದ ಜಾತ್ರೆಯ ಫೋಟೊವನ್ನು ಹೆಸರಿಲ್ಲದೆ ಹಾಕುವುದು ನ್ಯಾಯವಲ್ಲ. ಕೇಳಿ ಪಡೆಯಬೇಕು, ಅಡಿಬರಹದಲ್ಲಿ ಅವನ ಹೆಸರು ಬರೆಯಬೇಕು.

ಇದಕ್ಕೆ ಎದುರು ಮಾತುಗಳಿವೆ, ಅವನ್ನೂ ಎತ್ತಿಕೊಳ್ಳೋಣ.

ಮೊದಲನೆಯದು: ಈಗ ಎಲ್ಲಕ್ಕೂ ಬಟನ್ ಇದೆಯಲ್ಲ, ಒತ್ತಿದರೆ ಫೋಟೊ ಕೂರುತ್ತದೆ, ಟ್ಯಾಗ್ ಯಾಕೆ ಬೇಕು? ಬಟನ್ ಒಳಗೆ ಬರೆಯುವುದು ಇದೇ ಟ್ಯಾಗನ್ನು. ಆಲ್ಟ್ ಜಾಗವನ್ನು ಅದು ಖಾಲಿ ಬಿಟ್ಟಿರುತ್ತದೆ, ಯಾಕೆಂದರೆ ಅಲ್ಲಿ ಏನು ಬರೆಯಬೇಕು ಎಂದು ಅದಕ್ಕೆ ಗೊತ್ತಿಲ್ಲ. ಬಟನ್ ಒತ್ತುವವರು ಒತ್ತಲಿ, ಅದರಲ್ಲಿ ತಪ್ಪಿಲ್ಲ. ಚಿತ್ರ ಅಡ್ಡವಾಗಿ ಕೂತಾಗ, ಅಡಿಬರಹ ಬೇರೆ ಫೋಟೊದ ಕೆಳಗೆ ಹೋದಾಗ, ಊರೆಲ್ಲ ನೋಡುವ ಸುದ್ದಿಯಲ್ಲಿ ಫೋಟೊ ಒಡೆದಾಗ ಸರಿಪಡಿಸಲು ಒಳಗಿನದು ತಿಳಿದಿರಬೇಕು. ಗಾಡಿ ಓಡಿಸುವವನಿಗೆ ಪಂಕ್ಚರ್ ಹಾಕಲು ಬಂದರೆ ನಷ್ಟವೇನಿಲ್ಲ, ಅದರಲ್ಲೂ ನಮ್ಮ ರಸ್ತೆಗಳಲ್ಲಿ.

ಎರಡನೆಯದು: ಚಿತ್ರ ನೋಡಿ ವಿವರ ಬರೆಯುವ ಕೃತಕ ಬುದ್ಧಿಮತ್ತೆ ಬಂದಿದೆ, ಅದೇ ಬರೆಯಲಿ. ಬರೆಯುತ್ತದೆ. ‘ನೀರಿನ ಬಳಿ ನಿಂತ ಕೆಲವು ಜನ’ ಎಂದು ಬರೆಯುತ್ತದೆ. ನಿಂತವರು ಮನೆಗೆ ಹೋಗಲಾಗದೆ ಕಾಯುತ್ತಿರುವ ನೀಲಕಂಠರಾಯನ ಗಡ್ಡಿಯವರೋ, ಹೊಳೆ ನೋಡಲು ಬಂದ ಪೇಟೆಯವರೋ ಅದಕ್ಕೆ ತಿಳಿಯದು. ಅಲ್ಲಿ ನಿಂತಿದ್ದ ನಮಗೆ ತಿಳಿದಿರುತ್ತದೆ. ಅದನ್ನು ಬರೆಯುವುದಕ್ಕೇ ತಾನೆ ನಾವು ಅಲ್ಲಿಗೆ ಹೋದದ್ದು?

ಮೂರನೆಯದು ನಿಜಕ್ಕೂ ತೂಕದ ಮಾತು: ಯಾರು ಕೊಡುತ್ತಾರೆ ಈ ಕೆಲಸಕ್ಕೆ ದುಡ್ಡು? ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ಸಿಗುವ ಪುಡಿಗಾಸಿನಲ್ಲಿ ಪೆಟ್ರೋಲು ಹಾಕಿಸಿಕೊಂಡು ಓಡಾಡುವವರಿಗೆ ಇನ್ನೂ ಐದು ನಿಮಿಷದ ಕೆಲಸ ಹೇರುವುದು ಸುಲಭ. ಇದಕ್ಕೆ ನಮ್ಮ ಉತ್ತರ ಹೀಗಿದೆ. ಅಡಿಬರಹವೂ ಆಲ್ಟ್ ಬರಹವೂ ವರದಿಯ ಭಾಗ ಎಂದು ಸಂಸ್ಥೆಗಳು ಒಪ್ಪಬೇಕು, ಫೋಟೊಗೆ ಕೊಡುವ ಹಣದಲ್ಲಿ ಅದನ್ನೂ ಲೆಕ್ಕ ಹಿಡಿಯಬೇಕು. ಡೆಸ್ಕಿನವರು ವಿವರವಿಲ್ಲದ ಫೋಟೊ ಬಂದರೆ ಸ್ಟ್ರಿಂಗರ್‌ಗೆ ಮರಳಿ ಕೇಳಬೇಕು, ತಾವೇ ಊಹಿಸಿ ಬರೆಯಬಾರದು. ನಮ್ಮ ಪಾಲಿಗೆ ಬಂದರೆ, ಕಳಿಸುವಾಗಲೇ ಎರಡು ಸಾಲು ಬರೆದು ಕಳಿಸುವುದು ಕಷ್ಟವಲ್ಲ. ಸಂಜೆ ಡೆಸ್ಕಿನಿಂದ ‘ಯಾವ ಊರ್ರೀ ಇದು, ಎಡಗಡೆ ನಿಂತೋರು ಯಾರ್ರೀ’ ಎಂದು ಬರುವ ಮೂರು ಫೋನಿಗಿಂತ ಅದು ಅಗ್ಗ.

ಪತ್ರಿಕೋದ್ಯಮ ಕಲಿಸುವವರಿಗೂ ಒಂದು ಮಾತು. ನಮ್ಮಲ್ಲಿ ಹಲವರು ಡಿಪ್ಲೊಮಾದಲ್ಲಿ ಪೇಜ್‌ಮೇಕರ್‌ನಲ್ಲಿ ಕಾಲಂ ಎಳೆಯುವುದನ್ನು ಕಲಿತವರು. ಎಂಟು ಕಾಲಂ ಪುಟದಲ್ಲಿ ಫೋಟೊ ಎಲ್ಲಿಡಬೇಕು, ಮುಖ ಯಾವ ಕಡೆ ತಿರುಗಿರಬೇಕು ಎಂಬುದಕ್ಕೆ ಇಡೀ ವಾರ ಕೊಟ್ಟಿದ್ದರು. ಅದು ವ್ಯರ್ಥ ಎನ್ನುವುದಿಲ್ಲ. ಆದರೆ 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಹಳ್ಳಿಯ ಓದುಗರು ಫೋನಿಗೆ ಹೋದರು, ನಮ್ಮ ಪಾಠಗಳು ಪತ್ರಿಕೆಯ ಪುಟದಲ್ಲಿಯೇ ಉಳಿದವು. ಒಂದು ತಾಸು, ಒಂದು ಕಂಪ್ಯೂಟರು, ಒಂದು ಫೋಟೊ. ನೋಟ್‌ಪ್ಯಾಡ್‌ನಲ್ಲಿ ಟ್ಯಾಗ್ ಬರೆದು, ಬ್ರೌಸರಿನಲ್ಲಿ ತೆರೆದು, ಬೇಕೆಂದೇ ಕಡತದ ಹೆಸರು ತಪ್ಪಾಗಿ ಬರೆದು ಚಿತ್ರದ ಜಾಗದಲ್ಲಿ ಆಲ್ಟ್ ಬರಹ ಕಾಣುವುದನ್ನು ತೋರಿಸಿದರೆ ಸಾಕು. ಚಿತ್ರ ಹೋದರೂ ಮಾತು ಉಳಿಯುತ್ತದೆ ಎಂಬುದು ಆ ಒಂದು ತಾಸಿನಲ್ಲಿ ಯಾವ ವಿದ್ಯಾರ್ಥಿಗೂ ಮನದಟ್ಟಾಗುತ್ತದೆ. ಪಂಚಾಯಿತಿ ಕಂಪ್ಯೂಟರ್ ಆಪರೇಟರುಗಳಿಗೆ, ಶಾಲೆಯ ಶಿಕ್ಷಕರಿಗೆ, ಸ್ವಸಹಾಯ ಸಂಘದ ಓದಿದ ಹೆಣ್ಣುಮಕ್ಕಳಿಗೂ ಇದೇ ಪಾಠ ನಡೆಯುತ್ತದೆ.

ಸರ್ಕಾರಿ ಕಚೇರಿಗಳಿಂದ ನಾವು ಕೇಳುವುದು ಇನ್ನೂ ಸರಳ. ಪ್ರಕಟಣೆಯ ಫೋಟೊ ಹಾಕಿ, ಬೇಡ ಎನ್ನುವುದಿಲ್ಲ, ಸಹಿ ಮತ್ತು ಮೊಹರು ಕಂಡರೆ ಜನರಿಗೆ ನಂಬಿಕೆ. ಆದರೆ ಅದರ ಕೆಳಗೆ ಅದೇ ಮಾತನ್ನು ಯೂನಿಕೋಡ್ ಕನ್ನಡದಲ್ಲಿ ಬರಹವಾಗಿಯೂ ಕೊಡಿ. ಟೈಪ್ ಮಾಡಿಯೇ ತಾನೆ ಮುದ್ರಿಸಿದ್ದು? ಮುದ್ರಿಸಿದ್ದನ್ನು ಫೋಟೊ ತೆಗೆಯುವ ಮೊದಲು ಆ ಬರಹ ಕಂಪ್ಯೂಟರಿನಲ್ಲಿ ಇತ್ತು. ನುಡಿಯ ಹಳೆಯ ಅಕ್ಷರಗಳಲ್ಲಿ ಇದ್ದರೆ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹೊಳೆಯ ಎಚ್ಚರಿಕೆ, ಕಾಲುವೆಯ ಸರದಿ, ಲಸಿಕೆಯ ದಿನ ಇವು ಕಣ್ಣಿದ್ದವರಿಗಷ್ಟೇ, ಒಳ್ಳೆಯ ಫೋನಿದ್ದವರಿಗಷ್ಟೇ ತಿಳಿದರೆ ಸಾಲದು.

ನಾವು ಈ ಬಳಗದಲ್ಲಿ ಒಂದು ಕಟ್ಟುಪಾಡು ಹಾಕಿಕೊಂಡಿದ್ದೇವೆ. ಇನ್ನು ಮುಂದೆ ಇಲ್ಲಿ ಬರುವ ಪ್ರತಿ ಫೋಟೊಗೂ ಆಲ್ಟ್ ಇರುತ್ತದೆ, ಗುರುತು ಮರೆಸಬೇಕಾದವನ್ನು ಬಿಟ್ಟರೆ ಊರು, ತಾಲ್ಲೂಕು, ದಿನಾಂಕ, ತೆಗೆದವರ ಹೆಸರು ಅಡಿಬರಹದಲ್ಲಿ ಇರುತ್ತವೆ. ಬರಹವನ್ನು ಚಿತ್ರ ಮಾಡಿ ಹಾಕುವುದಿಲ್ಲ, ಹಾಕಲೇಬೇಕಾದರೆ ಬರಹವನ್ನೂ ಜೊತೆಗೆ ಕೊಡುತ್ತೇವೆ. ಹಳೆಯ ಫೋಟೊ ಬಳಸಿದರೆ ‘ಸಂಗ್ರಹ ಚಿತ್ರ’ ಎಂದಷ್ಟೇ ಬರೆಯದೆ ಯಾವ ವರ್ಷದ್ದು ಎಂದು ಬರೆಯುತ್ತೇವೆ. 2019ರ ಕೃಷ್ಣೆಯನ್ನೂ 2020ರ ಅಕ್ಟೋಬರಿನ ಭೀಮೆಯನ್ನೂ ಒಂದೇ ಹೊಳೆ ಮಾಡುವುದಿಲ್ಲ. ಬೇರೆ ತಾಲ್ಲೂಕುಗಳ ಗೆಳೆಯರೂ ಇದನ್ನು ತಮ್ಮದಾಗಿಸಿಕೊಳ್ಳಲಿ. ಟ್ಯಾಗ್ ಬರೆಯುವಾಗ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ನಮಗೆ ಬರೆಯಿರಿ, ನಮಗೆ ಗೊತ್ತಿದ್ದಷ್ಟು ಹೇಳಿಕೊಡುತ್ತೇವೆ. ಮುಂದಿನ ಮಳೆಗಾಲಕ್ಕೆ ಮುಂಚೆ ಇಷ್ಟು ಕಲಿತುಕೊಂಡರೆ ಮುಳುಗಿದ ಸೇತುವೆ ಯಾವುದು ಎಂದು ಕೇಳುವವರಿಗೆ ಉತ್ತರ ಫೋಟೊದ ಜೊತೆಗೇ ಸಿಗುತ್ತದೆ.